ವಿದ್ಯಾದಾನವೂ ಋಷಿಋಣವೂ

ಮಹಾನವಮಿಯಂದು ವ್ಯಾಪಾರಿಯು ತನ್ನ ತಕ್ಕಡಿಗೂ ಕಿರ್ದಿ ಖಾತೆಗಳಿಗೂ ಅರಿಶಿನ ಕುಂಕುಮವಿಟ್ಟು ಆಯುಧಪೂಜೆಯನ್ನು ನೆರವೇರಿಸುತ್ತಾನೆ. ಅದೇ ನವರಾತ್ರಿಯಲ್ಲಿ ಅವನ ಮನೆಯ ಮಗು ಪಠ್ಯಪುಸ್ತಕಗಳನ್ನು ಶಾರದೆಯ ಮುಂದಿರಿಸಿ ಕೈಮುಗಿಯುತ್ತದೆ. ಲೆಕ್ಕದ ಪುಸ್ತಕಕ್ಕೂ ಪಾಠದ ಪುಸ್ತಕಕ್ಕೂ ಒಂದೇ ಹಬ್ಬದಲ್ಲಿ ಪೂಜೆ ಸಲ್ಲುವುದು ಅರ್ಥಪೂರ್ಣವಾಗಿದೆ. ಅಂಗಡಿಕಾರರೂ ಉದ್ಯಮಿಗಳೂ ಬಡ ಮಕ್ಕಳಿಗೆ ವಿದ್ಯಾರ್ಥಿವೇತನವನ್ನು, ಅಧ್ಯಾಪಕರಿಗೆ ಸಹಾಯಧನವನ್ನು ಕೊಡುವುದುಂಟು. ಅದು ದಾನವೇ, ಪ್ರಚಾರವೇ, ಅಥವಾ ತೀರಿಸಲೇಬೇಕಾದ ಸಾಲವೇ ಎಂಬ ಪ್ರಶ್ನೆ ಈ ಪರ್ವಕಾಲದಲ್ಲಿ ವಿಚಾರಾರ್ಹವಾದುದು.

ಕಾಳಿದಾಸನ ‘ರಘುವಂಶ’ದ ಐದನೆಯ ಸರ್ಗದಲ್ಲಿ ಕೌತ್ಸನ ಕಥೆಯಿದೆ. ಗುರುವಾದ ವರತಂತುವು ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ದಕ್ಷಿಣೆ ಕೇಳಿದಾಗ ಶಿಷ್ಯನು ರಘುಮಹಾರಾಜನ ಬಳಿಗೆ ಬಂದನು. ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟಿದ್ದ ರಾಜನು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನಿತ್ತು ಅವನನ್ನು ಬರಮಾಡಿಕೊಂಡನು. ಕುಬೇರನು ಹೊನ್ನಿನ ಮಳೆಗರೆದಾಗ ರಘುವು ಅಷ್ಟನ್ನೂ ಒಯ್ಯೆಂದನು. ಕೌತ್ಸನಾದರೋ ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಒಲ್ಲೆನೆಂದನು. ಸಾಕೇತದ ಜನರು ಕೊಟ್ಟವನನ್ನೂ ಕೊಂಡವನನ್ನೂ ಸಮವಾಗಿ ಕೊಂಡಾಡಿದರು. ಆ ಹೊನ್ನು ಬನ್ನಿಯ ಮರದ ಮೇಲೆ ಸುರಿಯಿತೆಂದು ಜನರ ನಂಬಿಕೆ. ವಿಜಯದಶಮಿಯ ಬನ್ನಿ ಬಂಗಾರವಾದದ್ದು ಹೀಗೆ.

ಈ ಕಥೆಯಲ್ಲಿ ವಿದ್ಯಾರ್ಥಿಯೂ ಇದ್ದಾನೆ, ಗುರುವೂ ಇದ್ದಾನೆ, ಧನಿಕನೂ ಇದ್ದಾನೆ. ಕೈಚಾಚಿ ಬಂದ ಶಿಷ್ಯನ ತಲೆ ಮಾತ್ರ ಎಲ್ಲಿಯೂ ತಗ್ಗಲಿಲ್ಲ. ದಾನದ ನಿಜವಾದ ಪರೀಕ್ಷೆ ಇದೇ ಆಗಿದೆ. ಮರಳಿ ಉಪಕಾರ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂಬ ಭಾವದಿಂದ ಕೊಟ್ಟದ್ದು ಸಾತ್ವಿಕ. ಪ್ರತಿಫಲವನ್ನು ಬಯಸಿ ಕೊಟ್ಟದ್ದು ರಾಜಸ ಎಂಬುದು ಗೀತೆಯ ಹದಿನೇಳನೆಯ ಅಧ್ಯಾಯದ ವಿವೇಚನೆ.

ಮುಂಬಯಿಯ ಕನ್ನಡಿಗರಿಗೆ ಇದರ ಉದಾಹರಣೆ ಹೊರಗೆಲ್ಲೂ ಹುಡುಕಬೇಕಾಗಿಲ್ಲ. ಮೊಗವೀರ ಸಮಾಜದವರು 1908ರಲ್ಲಿಯೇ ಇಲ್ಲಿ ಉಚಿತ ರಾತ್ರಿಶಾಲೆಯನ್ನು ತೆರೆದರು. ಮುಂದೆ ಇಂತಹ ಕನ್ನಡ ರಾತ್ರಿಶಾಲೆಗಳು ಹಲವಾದವು. ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತಟ್ಟೆ ತೊಳೆದು, ಇರುಳು ಅಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು, ಕೆಲವರು ಸ್ವತಃ ಹೋಟೆಲಿನ ಮಾಲಕರೂ ಆದರು. ಸಂಜೆಯ ಏಳು ಗಂಟೆಯೆಂದರೆ ಗಿರಾಕಿಗಳು ಕಿಕ್ಕಿರಿಯುವ ಹೊತ್ತು. ಆ ಹೊತ್ತಿನಲ್ಲಿ “ಹೋಗು ಮಾರಾಯ, ಶಾಲೆಗೆ ಹೊತ್ತಾಯಿತು” ಎಂದು ಹುಡುಗನನ್ನು ಕಳುಹಿಸಿಕೊಟ್ಟ ಮಾಲಕನು ಕೊಟ್ಟದ್ದು ಯಾವ ವಿದ್ಯಾರ್ಥಿವೇತನಕ್ಕೆ ಕಡಿಮೆ? ಯಾವ ಕಿರ್ದಿಯಲ್ಲಿಯೂ ಅದು ಖರ್ಚು ಬಿದ್ದಿಲ್ಲ. ಯಾವ ಫಲಕದಲ್ಲಿಯೂ ಅವನ ಹೆಸರಿಲ್ಲ.

ಹೆಸರನ್ನು ಕೆತ್ತಿಸುವುದು ತಪ್ಪೇ ಎಂದು ಕೇಳಬಹುದು. ಒಬ್ಬನ ಹೆಸರನ್ನು ಕಂಡು ಹತ್ತು ಜನರು ಕೊಡಲು ಮುಂದಾಗುವುದೂ ಉಂಟು. ಆದುದರಿಂದ ಫಲಕವನ್ನು ಪೂರ್ತಿಯಾಗಿ ಜರಿಯುವಂತಿಲ್ಲ. ಆದರೆ ವೇದಿಕೆಯ ಮೇಲೆ ಹುಡುಗನನ್ನು ನಿಲ್ಲಿಸಿ, ಅವನ ತಂದೆಯ ಬಡತನವನ್ನು ಧ್ವನಿವರ್ಧಕದಲ್ಲಿ ಸಾರಿ, ಲಕೋಟೆಯನ್ನು ಹಿಡಿಸಿ ಛಾಯಾಚಿತ್ರ ತೆಗೆಸಿದಾಗ ಕೊಟ್ಟದ್ದಕ್ಕಿಂತ ಕಸಿದುಕೊಂಡದ್ದೇ ಹೆಚ್ಚಾಗುತ್ತದೆ. ಶುಲ್ಕವನ್ನು ನೇರವಾಗಿ ಶಾಲೆಗೆ ಕಟ್ಟಿದರೂ ಪುಣ್ಯಕ್ಕೆ ಕೊರತೆಯಾಗದು.

ಅಧ್ಯಾಪಕರ ವಿಷಯವೂ ಹಾಗೆಯೇ. ಹಗಲು ಬೇರೆಡೆ ದುಡಿದು ಇರುಳು ಪಾಠ ಹೇಳಿದವರಿಂದ ಆ ಶಾಲೆಗಳು ಬಾಳಿದವು. ಪುಸ್ತಕಕ್ಕೆ, ಪ್ರಯೋಗದ ಸಲಕರಣೆಗೆ ಅಧ್ಯಾಪಕನಿಗೆ ಕೊಡುವ ಧನವನ್ನು ಅನುಗ್ರಹವೆಂದು ಎಣಿಸಬಾರದು. ಅದು ತಡವಾಗಿ ಸಲ್ಲುತ್ತಿರುವ ಗುರುದಕ್ಷಿಣೆ.

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದು ಹಿರಿಯರು ಹೇಳಿದರು. ಇವುಗಳಲ್ಲಿ ಋಷಿಋಣವು ಕಲಿಯುವುದರಿಂದ, ಕಲಿಸುವುದರಿಂದ ತೀರತಕ್ಕದ್ದು. ಕಲಿಸುವ ಬಿಡುವಿಲ್ಲದ ವ್ಯಾಪಾರಿಗೆ ಇನ್ನೊಬ್ಬರ ಕಲಿಕೆಗೆ ನೆರವಾಗುವುದೇ ಉಳಿದ ದಾರಿ. ಅವನಿಗೆ ಕೂಡುವುದು ಕಳೆಯುವುದನ್ನು ಕಲಿಸಿದವನೂ ಎಂದೋ ಒಬ್ಬ ಬಡ ಮಾಸ್ತರನೇ ಅಲ್ಲವೆ? ಆ ಬಾಬತ್ತು ಅವನ ಖಾತೆಯಲ್ಲಿ ಇನ್ನೂ ಬಾಕಿಯಿದೆ.

ಇಂದು ರಾತ್ರಿಶಾಲೆಗಳು ವಿರಳವಾಗಿವೆ; ಶುಲ್ಕಕ್ಕಾಗಿ ಪರದಾಡುವ ಮಕ್ಕಳು ವಿರಳರಾಗಿಲ್ಲ. ಆಯುಧಪೂಜೆಯಂದು ಖಾತೆಪುಸ್ತಕಕ್ಕೆ ಕುಂಕುಮವಿಡುವಾಗ ಆ ಹಳೆಯ ಬಾಕಿಯೊಂದು ನೆನಪಿಗೆ ಬಂದರೆ, ಮರುದಿನ ಕೈಯಿಂದ ಕೈಗೆ ಸಲ್ಲುವ ಬನ್ನಿಯ ಎಲೆ ನಿಜಕ್ಕೂ ಬಂಗಾರವಾಗುವುದು.