ತೆರೆಯದ ಪೆಟ್ಟಿಗೆ

2023ರ ಜೂನ್ ತಿಂಗಳಲ್ಲಿ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’ ಎಂಬ ಅನಿಮೇಷನ್ ಚಲನಚಿತ್ರವು ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ನಮ್ಮ ದೇಶದಲ್ಲಿ ತೆರೆಕಂಡಿತು. ಪವಿತ್ರ ಪ್ರಭಾಕರನೆಂಬ ಭಾರತೀಯ ತರುಣವೀರನೂ ಅದರಲ್ಲಿರುವನು. ಇಂಥ ವೀರರ ಪ್ಲಾಸ್ಟಿಕ್ ಬೊಂಬೆಗಳನ್ನು ಕೂಡಿಡುವ ಹವ್ಯಾಸವು ಇಂದು ಲೋಕದಲ್ಲೆಲ್ಲ ಹಬ್ಬಿರುವದು. ತೆರೆದರೆ ಬೆಲೆ ಇಳಿಯುವದೆಂದು ಕೆಲವರು ಪೆಟ್ಟಿಗೆಯನ್ನೇ ತೆರೆಯುವದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಮನೆಗಳಲ್ಲಿ ಮಕ್ಕಳು ಇವನ್ನು ಬೇಡಿದರೆ ಗೃಹಸ್ಥನು ಏನು ಹೇಳತಕ್ಕದ್ದು?

ಆಟಿಕೆಯಲ್ಲಿ ದೋಷವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮವರು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸಿ ವಿಸರ್ಜಿಸುವರು. ಬೊಂಬೆಯು ಕರಗುವದು, ದುಡಿಯುವ ಎತ್ತಿನ ಋಣದ ನೆನಪು ಉಳಿಯುವದು. ದೋಷವಿರುವದು ಕೂಡಿಡುವ ಆಶೆಯಲ್ಲಿ. ಆಯ್ದಕ್ಕಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ತಾಯಿಯು ಅದನ್ನು ಮರಳಿ ಸುರಿದು ಬರಲು ಹೇಳಿದಳು. ಅಕ್ಕಿ ಕೆಟ್ಟುದಲ್ಲ, ಮಿಗಿಲಾದುದರ ಆಶೆ ಕೆಟ್ಟುದು.

ಆದರೆ ಮಕ್ಕಳನ್ನು ಗದರಿಸುವ ಮೊದಲು ನಮ್ಮ ಕಪಾಟನ್ನು ನೋಡಿಕೊಳ್ಳೋಣ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಅಣ್ಣನವರ ಭಾವಚಿತ್ರವು ಗೋಡೆಯ ಮೇಲೆ. ವಚನ ಸಂಪುಟಗಳು ಗಾಜಿನ ಹಿಂದೆ. ಹೊಲದಲ್ಲಿ ದುಡಿದವನ ಕೂಲಿ ಮಾತ್ರ ಬಾಕಿ! ತೆರೆಯದ ಪೆಟ್ಟಿಗೆಯ ಬೊಂಬೆಗೂ ನಡೆಗೆ ಬಾರದ ವಚನಕ್ಕೂ ಭೇದವೇನು? ಕಥೆಯ ವೀರನು ಪರರನ್ನು ಕಾಪಾಡಿದ್ದರಿಂದ ವೀರನಾದನು. ಅವನ ಬೊಂಬೆಯನ್ನು ಕೊಂಡವನು ವೀರನಾಗಲಾರನು. ಶರಣರ ಗ್ರಂಥವನ್ನು ಕೊಂಡಮಾತ್ರಕ್ಕೆ ನಾವೂ ಶರಣರಾಗಲಾರೆವು.

ಆದುದರಿಂದ ಮಗುವಿಗೆ ಒಂದು ಬೊಂಬೆಯನ್ನು ಕೊಡಿಸಿರಿ, ಪೆಟ್ಟಿಗೆಯನ್ನು ತೆರೆಯಿಸಿರಿ, ನೆರೆಮನೆಯ ಮಗುವಿನೊಡನೆ ಹಂಚಿಕೊಂಡು ಆಡಲು ಕಲಿಸಿರಿ. ಅದೇ ದಾಸೋಹದ ಮೊದಲ ಪಾಠವು. ಅಂದೇ ಆಳಿನ ಕೂಲಿಯನ್ನೂ ಸಲ್ಲಿಸಿರಿ. ಮಗುವು ನೋಡಿ ಕಲಿಯುವದು ಅದನ್ನೇ.