ಆಮೆ ಗುರುತಿಸಿದ ರಾಜ



ನೂರು ವರ್ಷ ಬಾಳು ಎಂದು ಮಕ್ಕಳನ್ನು ಹರಸುತ್ತೇವೆ. ಅಷ್ಟು ಬಾಳಿದವರ ಕಣ್ಣ ಮುಂದೆ ಏನೆಲ್ಲ ಹಾದುಹೋಗುತ್ತದೆ ಎಂದು ಯೋಚಿಸುವುದು ಕಡಿಮೆ. ಹದಿನೆಂಟು ಮೊಳದ ಸೀರೆ ಆರು ಗಜಕ್ಕೆ ಇಳಿಯಿತು; ಈಗ ಅದೂ ಹಬ್ಬಕ್ಕೆ ಮಾತ್ರ ಬೀರುವಿನಿಂದ ಹೊರಬರುತ್ತದೆ. ಜುಟ್ಟು ತೆಗೆಸಿ ಕ್ರಾಪು ಬಿಟ್ಟಾಗ ಎಷ್ಟು ಮನೆಗಳಲ್ಲಿ ತಂದೆ-ಮಗನ ಮಾತು ನಿಂತಿತ್ತೋ! ಅದೇ ಮಗ ಮುಂದೆ ತನ್ನ ಮಗನ ಬೆಲ್‌ಬಾಟಮ್ ನೋಡಿ ಸಿಡಿಮಿಡಿಗೊಂಡ. 1957ರಲ್ಲಿ ನಯಾ ಪೈಸೆ ಬಂದ ಮೇಲೂ ಅಜ್ಜಿಯರು ಸೊಪ್ಪಿನವಳ ಹತ್ತಿರ ಆಣೆಯ ಲೆಕ್ಕದಲ್ಲೇ ಚೌಕಾಸಿ ಮಾಡುತ್ತಿದ್ದರು.

ನಮ್ಮ ಪುರಾಣಗಳಿಗೆ ಇದು ಹೊಸ ವಿಷಯವಲ್ಲ. ಭಾಗವತದಲ್ಲಿ ರಾಜ ಕಕುದ್ಮಿ ತನ್ನ ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿತ್ತು, ಮುಗಿಯಲೆಂದು ಸ್ವಲ್ಪ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿದ್ದವು! ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ವರಗಳ ಮೊಮ್ಮಕ್ಕಳ ಹೆಸರೂ ಕೇಳುವಂತಿರಲಿಲ್ಲ. (ಹತ್ತು ವರ್ಷದ ಮೇಲೆ ಊರಿಗೆ ಹೋಗಿ ಹಳೇ ಬಸ್ ಸ್ಟ್ಯಾಂಡ್ ಹುಡುಕಿದವರಿಗೆ ಕಕುದ್ಮಿಯ ಪಾಡು ಅರ್ಥವಾದೀತು.)

ಹಾಗಾದರೆ ಇಷ್ಟೆಲ್ಲ ಬದಲಾದ ಮೇಲೂ ಗುರುತು ಉಳಿಯುವುದು ಯಾವುದರಿಂದ? ಮಹಾಭಾರತದ ವನಪರ್ವದಲ್ಲಿ ಇದಕ್ಕೊಂದು ಕಥೆ ಇದೆ. ಚಿರಂಜೀವಿ ಮಾರ್ಕಂಡೇಯರನ್ನು ಪಾಂಡವರು, ನಿಮಗಿಂತ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ ಅವರೇ ಹೇಳಿದ್ದು. ಭೂಮಿಯಲ್ಲಿ ತನ್ನ ಕೀರ್ತಿ ಮರೆತುಹೋದ ಕಾರಣ ರಾಜ ಇಂದ್ರದ್ಯುಮ್ನ ಸ್ವರ್ಗದಿಂದ ಕೆಳಗೆ ಬಿದ್ದ. ಮಾರ್ಕಂಡೇಯರ ಬಳಿ ಬಂದು, ನನ್ನನ್ನು ಬಲ್ಲಿರಾ ಎಂದ. ಅವರಿಗೂ ಗೊತ್ತಾಗಲಿಲ್ಲ. ಹಿಮಾಲಯದಲ್ಲಿ ತನಗಿಂತ ಹಿರಿಯ ಗೂಬೆಯೊಂದು ಇದೆ ಎಂದರು. ರಾಜ ಕುದುರೆಯಾಗಿ ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋದ. ಗೂಬೆಗೂ ತಿಳಿಯದು. ಗೂಬೆಗಿಂತ ಹಿರಿಯ ಬಕಪಕ್ಷಿಗೂ ತಿಳಿಯದು. ಕೊನೆಗೆ ಬಕ ತನ್ನ ಸರೋವರದಿಂದ ಅಕೂಪಾರನೆಂಬ ಮುದಿ ಆಮೆಯನ್ನು ಕರೆಯಿತು. ಆಮೆ ಒಂದು ಗಳಿಗೆ ಯೋಚಿಸಿತು. ಅದರ ಕಣ್ಣು ತುಂಬಿ ಬಂತು, ಮೈ ನಡುಗಿತು. ಇವನನ್ನು ನಾನು ಅರಿಯೆನೇ? ಇವನು ದಾನ ಕೊಟ್ಟ ಹಸುಗಳ ಗೊರಸಿನ ತುಳಿತದಿಂದಲೇ ಈ ಸರೋವರ ಆದದ್ದು, ನಾನು ಇರುವುದೇ ಇಲ್ಲಿ ಎಂದಿತು.

ರಾಜನ ಕಿರೀಟವಾಗಲಿ ಪೀತಾಂಬರವಾಗಲಿ ಆಮೆಗೆ ನೆನಪಿರಲಿಲ್ಲ. ಅದು ನೆನೆದದ್ದು ನೀರನ್ನು.

ನಮ್ಮ ಕಾಲದಲ್ಲೂ ಇಂಥದ್ದನ್ನು ನೋಡಿದ್ದೇವೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ, 2025ರ ನವೆಂಬರ್ 14ರಂದು ತೀರಿಕೊಂಡಾಗ ಅವರಿಗೆ 114 ವರ್ಷ ಎಂದು ಪತ್ರಿಕೆಗಳು ಬರೆದವು. ಎತ್ತಿನ ಗಾಡಿಯ ಕಾಲದಲ್ಲಿ ಹುಟ್ಟಿ ಮೊಬೈಲ್ ಕಾಲದವರೆಗೆ ಇದ್ದ ಜೀವ. ಪತಿ ಚಿಕ್ಕಯ್ಯನವರ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳು ಕುದೂರಿನ ರಸ್ತೆಯ ಎರಡು ಬದಿಗೂ ಇವೆ. ಅವರನ್ನು ಎಂದೂ ನೋಡದವರೂ ಆ ನೆರಳಲ್ಲಿ ನಿಲ್ಲುತ್ತಾರೆ.

ದೇವಸ್ಥಾನಕ್ಕೆ ಮಕ್ಕಳು ಜೀನ್ಸ್ ಹಾಕಿ ಬರಬಹುದೇ ಎಂದು ನಮ್ಮಲ್ಲಿ ಆಗಾಗ ಚರ್ಚೆಯಾಗುತ್ತದೆ. ಶುಚಿಯಾಗಿ, ಮೈ ಮುಚ್ಚುವಂತಿದ್ದರೆ ಸಾಕು ಎನ್ನುವವರಲ್ಲಿ ನಾನೂ ಒಬ್ಬ. ನನ್ನ ಚಿಂತೆ ಬೇರೆ. ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರು ಪ್ರಸಾದದ ಸಾಲಿನಲ್ಲಿ ಒಬ್ಬರೇ ನಿಂತಿರುತ್ತಾರೆ. ನಾವು ಅವರ ಸ್ವೆಟರ್, ಕ್ಯಾನ್ವಾಸ್ ಶೂ, ಮಫ್ಲರ್ ನೋಡುತ್ತೇವೆ. ಅವರು ಯಾವ ಕೆರೆ ತುಂಬಿಸಿ ಬಂದವರು, ಎಷ್ಟು ಮಕ್ಕಳಿಗೆ ಅಕ್ಷರ ಕಲಿಸಿದವರು ಎಂದು ಕೇಳುವವರಿಲ್ಲ. ಕೆಲವೊಮ್ಮೆ ಅವರ ಮೊಮ್ಮಕ್ಕಳಿಗೇ ಅದು ತಿಳಿದಿರುವುದಿಲ್ಲ.

ಇಂದ್ರದ್ಯುಮ್ನನ ಕಥೆ ಆಮೆಯ ಮಾತಿಗೆ ಮುಗಿಯುವುದಿಲ್ಲ. ಆ ಮಾತು ಮುಗಿದೊಡನೆ ಸ್ವರ್ಗದಿಂದ ರಥ ಬಂದು ನಿಂತಿತು, ಹತ್ತು ಎಂದು ಕರೆಯೂ ಬಂತು. ರಾಜ ಹತ್ತಲಿಲ್ಲ. ಸ್ವಲ್ಪ ತಾಳಿ, ಈ ಇಬ್ಬರು ವೃದ್ಧರನ್ನು ಅವರವರ ಸ್ಥಳಕ್ಕೆ ಮುಟ್ಟಿಸಿ ಬರುತ್ತೇನೆ ಎಂದ. ಮಾರ್ಕಂಡೇಯರನ್ನೂ ಗೂಬೆಯನ್ನೂ ಅವರವರ ನೆಲೆಗೆ ಬಿಟ್ಟ ಮೇಲೆಯೇ ರಥ ಏರಿದ.