ಹಿಟ್ಟು ಬೇಡಿದಷ್ಟು ನೀರು

ನರಗುಂದದ ಎರಿ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಮುನ್ನ ರೈತ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮುಷ್ಟಿಯಲ್ಲಿ ಒತ್ತಿ ನೋಡುತ್ತಾನೆ. ಅಂಗೈಗೆ ಮೆತ್ತಿತೆ, ಉಂಡೆಯಾಗಿ ನಿಂತಿತೆ, ಪುಡಿಯಾಗಿ ಉದುರಿತೆ? ನೋಡಿ, ‘ಹದಾ ಬಂದೈತಿ’ ಎಂದು ಕೂರಿಗೆ ಹೂಡುತ್ತಾನೆ, ಇಲ್ಲವೆ ಇನ್ನೆರಡು ದಿನ ಕಾಯುತ್ತಾನೆ. ಹದ ಎಂದರೇನು ಎಂದು ಕೇಳಿದರೆ ಒಂದೆರಡು ಮಾತು ಹೇಳಿಯಾನು. ಆಮೇಲೆ ಮಾತು ನಿಲ್ಲಿಸಿ ಆ ಮಣ್ಣನ್ನೇ ನಿಮ್ಮ ಕೈಗೆ ಕೊಡುತ್ತಾನೆ.

ಅದೇ ಜೋಳ ಹಿಟ್ಟಾಗಿ ಒಲೆಯ ಮುಂದೆ ಬಂದಾಗಲೂ ಇದೇ ಕಥೆ. ‘ಎಷ್ಟ ಎಸರ ಹಾಕ್ಲಿಬೇ?’ ಎಂದು ರೊಟ್ಟಿ ಕಲಿಯುತ್ತಿರುವ ಮಗಳು ಕೇಳಿದರೆ ತಾಯಿ ‘ಹಿಟ್ಟ ಬೇಡಿದಷ್ಟ ಹಾಕವಾ’ ಎನ್ನುತ್ತಾಳೆ. ಇದು ಜಾರಿಕೆಯ ಉತ್ತರವಲ್ಲ. ಜೋಳ ಹೊಸದೋ ಹಳೆಯದೋ, ಹಿಟ್ಟು ನುಣ್ಣಗಿದೆಯೋ ತರಿಯಿದೆಯೋ ಎಂಬುದರ ಮೇಲೆ ನೀರಿನ ಲೆಕ್ಕ ದಿನದಿನಕ್ಕೂ ಬದಲಾಗುತ್ತದೆ. ತಾಯಿ ಹೇಳಿದ್ದಕ್ಕಿಂತ ಖಚಿತವಾದ ಉತ್ತರವಿಲ್ಲ. ಆದರೆ ಹಿಟ್ಟು ಬೇಡುವುದು ಕಿವಿಗೆ ಕೇಳುವುದಿಲ್ಲ, ಬೆರಳಿಗೆ ಕೇಳುತ್ತದೆ.

ಕಲಿಕೆಯ ತತ್ತ್ವಶಾಸ್ತ್ರದಲ್ಲಿ ಈ ಬಗೆಯ ಅರಿವಿನ ಬಗ್ಗೆ ದೊಡ್ಡ ಚರ್ಚೆಯೇ ಇದೆ. ಇಂಗ್ಲೆಂಡಿನ ಗಿಲ್ಬರ್ಟ್ ರೈಲ್ 1949ರ ‘ದಿ ಕಾನ್ಸೆಪ್ಟ್ ಆಫ್ ಮೈಂಡ್’ ಪುಸ್ತಕದಲ್ಲಿ ‘ಇದು ಹೀಗಿದೆ’ ಎಂದು ತಿಳಿದಿರುವುದನ್ನೂ ‘ಇದನ್ನು ಮಾಡುವ ಬಗೆ’ ತಿಳಿದಿರುವುದನ್ನೂ ಬೇರೆಬೇರೆಯಾಗಿ ಇಟ್ಟು ನೋಡಿದ. ಮೊದಲು ತಲೆಯಲ್ಲಿ ನಿಯಮ, ಆಮೇಲೆ ಕೈಯಲ್ಲಿ ಕೆಲಸ ಎಂದು ನಾವು ನಂಬುತ್ತೇವಲ್ಲ, ಆ ನಂಬಿಕೆಯ ಬುಡಕ್ಕೇ ಅವನ ಪ್ರಶ್ನೆ. ನಿಯಮವನ್ನು ಎಲ್ಲಿ, ಎಷ್ಟು ಅನ್ವಯಿಸಬೇಕೆಂದು ತಿಳಿಯಲು ಇನ್ನೊಂದು ನಿಯಮ ಬೇಕಲ್ಲ? ಅದಕ್ಕೆ ಮತ್ತೊಂದು? ಹೀಗೆ ಹೋದರೆ ರೊಟ್ಟಿ ಹಂಚಿಗೆ ಬೀಳುವುದೇ ಇಲ್ಲ. ಎಲ್ಲೋ ಒಂದು ಕಡೆ ನಿಯಮ ಮುಗಿದು ಕೈ ತಾನೇ ತಿಳಿದು ಮಾಡಬೇಕು.

ಹಂಗೆರಿಯಲ್ಲಿ ಹುಟ್ಟಿ, ರಸಾಯನಶಾಸ್ತ್ರಜ್ಞನಾಗಿದ್ದು ತತ್ತ್ವಶಾಸ್ತ್ರಕ್ಕೆ ಬಂದ ಮೈಕೆಲ್ ಪೊಲಾನ್ಯಿ ಇನ್ನೂ ಮುಂದೆ ಹೋದ. ನಾವು ಹೇಳಬಲ್ಲುದಕ್ಕಿಂತ ನಮಗೆ ತಿಳಿದಿರುವುದೇ ಹೆಚ್ಚು ಎಂಬುದು ಅವನ ವಾದದ ಸಾರ. ಸೈಕಲ್ಲು ಬೀಳದಂತೆ ಓಡುವುದರ ಹಿಂದಿನ ಗಣಿತವನ್ನು ಅವನು ಬರೆದೇ ತೋರಿಸಿದ. ಆ ಸೂತ್ರ ಬಾಯಿಪಾಠ ಮಾಡಿ ಯಾರೂ ಸೈಕಲ್ ಕಲಿತಿಲ್ಲ. ವಿಜ್ಞಾನಿಗೂ ಪ್ರಯೋಗಶಾಲೆಯಲ್ಲಿ ಇಂಥ ಮಾತಿಗೆ ಸಿಗದ ಅರಿವು ಬೇಕೆಂದು ಅವನು ಒತ್ತಿ ಹೇಳಿದ. ಇದನ್ನು ಕನ್ನಡದಲ್ಲಿ ‘ಮೌನಜ್ಞಾನ’ ಎನ್ನಬಹುದು. ನನಗೆ ಮಾತ್ರ ನಮ್ಮ ‘ಹದ’ವೇ ಸರಿ ಎನಿಸುತ್ತದೆ. ಮಣ್ಣಿಗೆ, ಹಿಟ್ಟಿಗೆ, ಪಾಕಕ್ಕೆ, ಮಾತಿಗೆ ಎಲ್ಲಕ್ಕೂ ಒಂದೇ ಶಬ್ದ ಇಟ್ಟ ನಮ್ಮ ಜನ ಈ ತತ್ತ್ವವನ್ನು ಆಗಲೇ ಕಂಡಿದ್ದರು.

ಹದ ದಾಟಿಸುವುದು ಹೇಗೆ ಎಂಬುದಕ್ಕೆ ರೋಣದಲ್ಲಿ ಹುಟ್ಟಿದ ಹುಡುಗನೊಬ್ಬನ ಬಾಳನ್ನೇ ನೋಡಬಹುದು. ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ ಹುಟ್ಟಿದ್ದು 1922ರ ಫೆಬ್ರುವರಿ 4ರಂದು. ತಂದೆ ಗುರುರಾಜ ಜೋಶಿ ಶಾಲಾ ಮಾಸ್ತರರು. ಭಜನೆ, ಮೆರವಣಿಗೆ ಕಂಡಲ್ಲಿ ಹಿಂದೆ ಹೋಗಿ, ದಣಿದಲ್ಲೇ ಮಲಗಿಬಿಡುತ್ತಿದ್ದ ಮಗನನ್ನು ಹುಡುಕಿ ಸಾಕಾಗಿ, ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದಿದ್ದರಂತೆ. ಆ ಹುಡುಗನ ಕಿವಿಗೆ ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮಫೋನ್ ತಟ್ಟೆ ಬಿತ್ತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟ. ಗ್ವಾಲಿಯರ್, ಜಲಂಧರ್ ಎಂದು ಅಲೆದ.

ಇಲ್ಲಿ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಕೇಳಲು ತಟ್ಟೆ ಇತ್ತಲ್ಲ, ಅದೂ ಅಬ್ದುಲ್ ಕರೀಂ ಖಾನರದೇ ಕಂಠ, ಮತ್ತೇಕೆ ಅಲೆಯಬೇಕು? ತಟ್ಟೆಯಲ್ಲಿ ಇದ್ದದ್ದು ಮುಗಿದ ಹಾಡು. ಆ ಸ್ವರಕ್ಕೆ ಮುಟ್ಟುವ ಮುನ್ನ ಗಂಟಲು ಎಷ್ಟು ಸಲ ತಪ್ಪಿತು, ತಪ್ಪಿದ್ದು ಎಲ್ಲಿ, ಹೇಗೆ ತಿರುಗಿತು ಎಂಬುದು ಅದರಲ್ಲಿಲ್ಲ. ಮುಖ್ಯವಾಗಿ, ತಟ್ಟೆ ಹುಡುಗನ ಹಾಡನ್ನು ಕೇಳಿಸಿಕೊಳ್ಳುವುದಿಲ್ಲ. ಅದು ಆಸೆ ಹುಟ್ಟಿಸಬಲ್ಲದು, ‘ಅದಲ್ಲ, ಹೀಗೆ’ ಎನ್ನಲಾರದು. ನಮ್ಮ ಪಠ್ಯಪುಸ್ತಕವೂ ಬಹುಮಟ್ಟಿಗೆ ಅಂಥ ತಟ್ಟೆಯೇ.

‘ಅದಲ್ಲ, ಹೀಗೆ’ ಎನ್ನುವವರು ಕೊನೆಗೆ ಸಿಕ್ಕಿದ್ದು ಊರಿನ ಹತ್ತಿರವೇ, ಕುಂದಗೋಳದಲ್ಲಿ. 1936ರಲ್ಲಿ ಗಾಯಕ ಸವಾಯಿ ಗಂಧರ್ವರು ಶಿಷ್ಯನನ್ನಾಗಿ ಒಪ್ಪಿಕೊಂಡರು. ನೀರು ಹೊರುವುದು, ಮನೆಗೆಲಸ ಮಾಡುವುದು, ಗುರುವಿನ ಹಾಡು ಕೇಳುವುದು. ಪಾಠ ಬಂದಾಗ ತೋಡಿ, ಮುಲ್ತಾನಿ, ಪೂರಿಯಾ, ಈ ಕೆಲವೇ ರಾಗಗಳು ವರ್ಷಗಟ್ಟಲೆ. ಇಂದಿನ ಪಠ್ಯಕ್ರಮದ ಕಣ್ಣಿಗೆ ಇದು ‘ಪೋರ್ಷನ್ ಮುಗಿಯದ’ ತರಗತಿ. ಆದರೆ ತೋಡಿಯಲ್ಲಿ ಕೋಮಲ ಗಾಂಧಾರ ಎಷ್ಟು ಕೆಳಗೆ ಕೂರಬೇಕು ಎಂಬುದನ್ನು ಗೆರೆ ಎಳೆದು ತೋರಿಸಲಾಗದು. ಬಲ್ಲ ಕಿವಿಯ ಮುಂದೆ ನೂರಾರು ಮುಂಜಾವು ಹಾಡಿಯೇ ಅದು ಕೂರಬೇಕು. ಅದೊಂದು ಕೂತ ಗಂಟಲು ಮುಂದಿನ ರಾಗಗಳನ್ನು ತಾನೇ ದುಡಿದುಕೊಳ್ಳುತ್ತದೆ.

ಗಜೇಂದ್ರಗಡದ ಕುಣಿಮಗ್ಗದಲ್ಲೂ ಹಾಗೆಯೇ. ನೇಕಾರನ ಕಣ್ಣು ಬಟ್ಟೆಯ ಮೇಲೆ. ಕುಣಿಯೊಳಗೆ ತುಳಿಯುವ ಕಾಲಿನ ಮೇಲಾಗಲಿ, ಲಾಳಿ ಓಡಿಸುವ ಕೈಯ ಮೇಲಾಗಲಿ ಅಲ್ಲ. ಗಮನ ಕಾಲಿಗೆ ಇಳಿದರೆ ಲಯ ತಪ್ಪುತ್ತದೆ. ಹೊಸಬರು ಕಂಡಿಕೆ ಸುತ್ತುವುದರಿಂದ ಶುರು ಮಾಡುತ್ತಾರೆ. ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಲೈಬೀರಿಯಾದ ದರ್ಜಿಗಳಲ್ಲಿ ಕಂಡದ್ದೂ ಇದನ್ನೇ: ಮೊದಲು ಗುಂಡಿ ಹಚ್ಚುವುದು, ಆಮೇಲೆ ಹೊಲಿಗೆ, ಬಟ್ಟೆ ಕತ್ತರಿಸುವುದು ಕೊನೆಗೆ. ಕಲಿಯುವವನು ಅಂಚಿನಲ್ಲಿ ಕೂತರೂ ನಿಜವಾದ ಕೆಲಸದೊಳಗೇ ಇರುತ್ತಾನೆ.

ಹಾಗೆಂದು ಹಳೆಯ ಗುರುಕುಲವೇ ಮರಳಿ ಬರಲಿ ಎನ್ನಲು ನನಗೆ ಮನಸ್ಸಿಲ್ಲ. ಮಾತಿಗೆ ಸಿಗದ ವಿದ್ಯೆ ಎಂಬ ನೆವದಲ್ಲಿ ಎಷ್ಟು ವಿದ್ಯೆಗಳು ಒಂದೊಂದು ಜಾತಿಯ ಪಡಸಾಲೆ ದಾಟಲಿಲ್ಲ! ಹೇಳಬಹುದಾದದ್ದನ್ನೂ ಬಚ್ಚಿಟ್ಟು ಗುರುಕೃಪೆ ಎಂದರು. ಜೋಶಿ ಮಾಸ್ತರರಂಥವರ ಶಾಲೆ ಬಾಗಿಲು ತೆರೆದದ್ದು ಹೇಳಿಕೊಡಬಹುದಾದ್ದನ್ನು ಎಲ್ಲರಿಗೂ ಹೇಳಿಕೊಟ್ಟೇ. ಅದನ್ನು ಕಳೆದುಕೊಳ್ಳಲಾಗದು. ಆದರೆ ಆ ಶಾಲೆ ಬರುಬರುತ್ತ ಬರೆದು ತೋರಿಸಲಾಗದ್ದನ್ನು ಅರಿವೇ ಅಲ್ಲ ಎಂದು ಎಣಿಸಿತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಶಿಕ್ಷಣವನ್ನು ಮುಂದಿಟ್ಟಾಗ ಕೇಳಿದ್ದು ವಾರಕ್ಕೊಂದು ಕೈಕೆಲಸದ ಪೀರಿಯಡ್ಡನ್ನಲ್ಲ. ಕಸುಬಿನ ಮೂಲಕವೇ ಲೆಕ್ಕ, ಭಾಷೆ, ವಿಜ್ಞಾನ ಬರಲಿ ಎಂದು. 1990ರ ದಶಕದಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತು ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಗು ಮಾಡಿ ಕಲಿಯುತ್ತದೆ, ತನ್ನ ವೇಗದಲ್ಲಿ. ಅದು ಮೂರನೆಯ ತರಗತಿಗೆ ನಿಂತುಬಿಟ್ಟಿರುವುದು ನನಗೆ ಸಂಕಟದ ಸಂಗತಿ.

ಏಕೆಂದರೆ ಶಾಲೆ ಹದದಿಂದಲೇ ಶುರುವಾಗುತ್ತದೆ. ‘ಅ’ ಬರೆಯುವುದನ್ನು ಯಾವ ಶಿಕ್ಷಕಿಯೂ ವಿವರಿಸುವುದಿಲ್ಲ. ಪಕ್ಕದಲ್ಲಿ ಕೂತು, ಮಗುವಿನ ಮುಷ್ಟಿಯನ್ನು ತನ್ನ ಕೈಯೊಳಗೆ ಹಿಡಿದು, ಪಾಟಿಯ ಮೇಲೆ ಬಳಪವನ್ನು ತಿರುಗಿಸುತ್ತಾಳೆ. ನಾಲ್ಕಾರು ದಿನ ಹೀಗೆ ತಿದ್ದಿಸಿ, ಒಂದು ಬೆಳಗ್ಗೆ ಮಗುವಿಗೂ ಗೊತ್ತಾಗದಂತೆ ಹಿಡಿತ ಸಡಿಲಿಸುತ್ತಾಳೆ. ಏಳನೆಯ ತರಗತಿಯಲ್ಲಿ ಅದೇ ಮಗು ಭಿನ್ನರಾಶಿಯ ಲೆಕ್ಕದಲ್ಲಿ ಸಿಕ್ಕಿಕೊಂಡಾಗ ಅದರ ವಹಿಯಲ್ಲಿ ಉಳಿಯುವುದು ಕೆಂಪು ಶಾಯಿಯ ಒಂದು ಗುರುತು ಮಾತ್ರ.